ದೆವ್ವದ ಗೆಳೆತನ, ಬೇತಾಳನ ಗುಟ್ಟು: ಹಾವೇರಿ ಸೀಮೆಯ ಮಕ್ಕಳ ಕಥೆಗಳು

ಮಕ್ಕಳ ದೆವ್ವದ ಕಥೆಗಳು: ಹೆದರಿಸುವ ನೆವದಲ್ಲಿ ನಗಿಸುವ, ದೆವ್ವವನ್ನು ಕೊನೆಗೆ ನೆಂಟನನ್ನೋ ಗೆಳೆಯನನ್ನೋ ಮಾಡಿಕೊಳ್ಳುವ ಕಥೆಗಳ ಒಂದು ಬಗೆ. ಕನ್ನಡ ನಾಡಿನ ಎಲ್ಲ ಕಡೆಯೂ ಇವು ಉಂಟು. ಈ ಲೇಖನ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯನ್ನು ನಡುವೆ ಇಟ್ಟುಕೊಂಡು ಅವುಗಳನ್ನು ನೋಡುತ್ತದೆ. 1997ರ ಆಗಸ್ಟ್‌ನಲ್ಲಿ ಧಾರವಾಡದಿಂದ ಬೇರೆಯಾದ ಹಾವೇರಿ ಜಿಲ್ಲೆಗೆ ಸೇರಿದ ತಾಲ್ಲೂಕುಗಳು ಇವು. ರಕ್ತ ಹೀರುವ ಪಿಶಾಚಿ ಎಂದ ಕೂಡಲೇ ಇಂದಿನ ಓದುಗರ ಕಣ್ಣಿಗೆ ಕಟ್ಟುವವನು ಬ್ರಾಮ್ ಸ್ಟೋಕರ್ 1897ರಲ್ಲಿ ಬರೆದ ಡ್ರಾಕುಲಾ. ಅವನನ್ನು ಮುಗಿಸಲು ಎದೆಗೆ ಗೂಟ ಬಡಿಯಬೇಕು, ಕತ್ತು ಕೊಯ್ಯಬೇಕು. ಇಲ್ಲಿನ ಕಥೆಗಳಲ್ಲಿ ದೆವ್ವವನ್ನು ಕೊಲ್ಲುವ ಗೊಡವೆಗೆ ಯಾರೂ ಹೋಗುವುದಿಲ್ಲ. ಅದಕ್ಕೆ ತುತ್ತು ಕೊಡುತ್ತಾರೆ, ಮಾತು ಕೊಡುತ್ತಾರೆ, ಕೆಲಸ ಹಚ್ಚುತ್ತಾರೆ, ಅದರ ಗುಟ್ಟನ್ನು ಕಾಯುತ್ತಾರೆ. ಈ ಕಥೆಗಳ ಜೀವ ಇರುವುದು ಆ ಗುಟ್ಟಿನಲ್ಲಿಯೇ.

ಹೆಸರುಗಳು

ದೆವ್ವ, ಭೂತ, ಪಿಶಾಚಿ, ಬೇತಾಳ, ಬ್ರಹ್ಮರಾಕ್ಷಸ, ಮೋಹಿನಿ, ಕೊಳ್ಳಿದೆವ್ವ, ಗುಮ್ಮ. ಇವು ಒಂದೇ ಮಾತಿನ ಹಲವು ರೂಪಗಳೆಂದು ತಿಳಿಯಬಾರದು. ಗುಮ್ಮ ಎಳೆಯ ಕೂಸುಗಳಿಗೆ ಮೀಸಲು. ಅದಕ್ಕೆ ಆಕಾರವಿಲ್ಲ, ಕಥೆಯೂ ಇಲ್ಲ, ಊಟ ಮುಗಿದ ಮೇಲೆ ಅದರ ಕೆಲಸವೂ ಮುಗಿಯಿತು. ಬ್ರಹ್ಮರಾಕ್ಷಸ ಓದಿಕೊಂಡ ದೆವ್ವ. ಕಲಿತ ವಿದ್ಯೆಯನ್ನು ಯಾರಿಗೂ ಹೇಳದೆ ಸತ್ತವನು ಅರಳಿಮರದಲ್ಲೋ ಆಲದಲ್ಲೋ ಕೂತಿರುತ್ತಾನೆ, ದಾರಿಹೋಕರಿಗೆ ಪ್ರಶ್ನೆ ಹಾಕುತ್ತಾನೆ. ಕೊಳ್ಳಿದೆವ್ವ ಹೊಲದ ಬದುವಿನ ಮೇಲೆ, ಕೆರೆಯಂಗಳದಲ್ಲಿ ಉರಿದು ಆರುವ ಬೆಳಕು. ಮೋಹಿನಿಯ ಪಾದ ಹಿಂದುಮುಂದು. ರಕ್ತಪಿಶಾಚಿ ಎಂಬುದು ಪುಸ್ತಕದ ಮಾತು, ಹಳ್ಳಿಯಲ್ಲಿ ‘ರಗತ ಕುಡಿಯೋ ದೆವ್ವ’ ಎಂದರೆ ಸಾಕು. ದೊಡ್ಡವರು ದೆವ್ವ ಎನ್ನುವುದಕ್ಕೂ ಅಂಜಿ ‘ಗಾಳಿ’ ಎನ್ನುತ್ತಾರೆ: ಗಾಳಿ ಬಡಿಯಿತು, ಸೋಕು ಆಯಿತು. ಮಕ್ಕಳಿಗೆ ಆ ಅಂಜಿಕೆ ಇಲ್ಲ. ದೆವ್ವದ ಹೆಸರನ್ನು ಗಟ್ಟಿಯಾಗಿ ಹೇಳುವ ಸಲಿಗೆ ಕಥೆಯೊಳಗೆ ಅವರಿಗೆ ಸಿಕ್ಕಿದೆ, ದೊಡ್ಡವರಿಗೆ ಸಿಕ್ಕಿಲ್ಲ.

ರನ್ನನ ಮರುಳು

ನಗಿಸುವ ಪಿಶಾಚಿ ಕನ್ನಡಕ್ಕೆ ಹೊಸದೇನೂ ಅಲ್ಲ. ಹತ್ತನೆಯ ಶತಮಾನದ ರನ್ನ ಕವಿಯ ಗದಾಯುದ್ಧದಲ್ಲಿ ದುರ್ಯೋಧನ ಸಂಜಯನ ಜೊತೆ ಕುರುಕ್ಷೇತ್ರದ ಹೆಣಗಳ ನಡುವೆ ಕಾಲೆಳೆದುಕೊಂಡು ನಡೆಯುವಾಗ ಅವನಿಗೆ ಎದುರಾಗುವವು ಮರುಳುಗಳು, ರಣದ ನೆತ್ತರು ಕುಡಿದು ಕೊಬ್ಬಿದ ಪಿಶಾಚಿಗಳು. ಅವು ಅರಸನಿಗೆ ದಾರಿ ಬಿಡುವುದಿಲ್ಲ, ಕೆಣಕುತ್ತವೆ. ಮರುಳು ಎಂದರೆ ಪಿಶಾಚಿ, ಮರುಳು ಎಂದರೆ ಹುಚ್ಚು ಕೂಡ. ಸಂಧಿಗೆ ಒಪ್ಪದೆ ಕುಲವನ್ನೇ ಕಳೆದುಕೊಂಡವನ ಮುಂದೆ ನಿಂತು ನಿಜವಾದ ಮರುಳು ಯಾರು ಎಂಬ ಲೆಕ್ಕವನ್ನು ಒಂದು ಪಿಶಾಚಿ ಎತ್ತುತ್ತದೆ. ಆ ಹೊತ್ತಿಗೆ ಓದುವವನಿಗೆ ನಗೆ ಬರುತ್ತದೆ, ನಕ್ಕಿದ್ದಕ್ಕೆ ಕಸಿವಿಸಿಯೂ ಆಗುತ್ತದೆ. ಸಾವಿರ ವರ್ಷದ ಹಿಂದೆ ಚಾಲುಕ್ಯ ಸತ್ಯಾಶ್ರಯನ ಆಸರೆಯಲ್ಲಿ ಹುಟ್ಟಿದ ಕಾವ್ಯ ಇದು. ಶಾಸನಗಳು ‘ಪಾನುಂಗಲ್ಲು ಐನೂರು’ ಎನ್ನುವ ಹಾನಗಲ್ ನಾಡು ಆ ಚಾಲುಕ್ಯರ ಆಳ್ವಿಕೆಯಲ್ಲೇ ಇತ್ತು. ಮಕ್ಕಳ ಕಥೆಯ ದೆವ್ವ ದೊಡ್ಡವರ ಮುಖದ ಮೇಲೆ ಸತ್ಯ ಹೇಳುವ ಛಾತಿಯನ್ನು ಈ ಮರುಳುಗಳಿಂದಲೇ ಪಡೆದಂತಿದೆ.

ಪೈಶಾಚಿಯಲ್ಲಿ ಬರೆದ ಕಥೆ

ಭಾರತದ ಕಥಾಸಾಹಿತ್ಯದ ಮೂಲವನ್ನು ಹುಡುಕುತ್ತ ಹೋದರೆ ಸಿಗುವುದು ಒಂದು ಗುಟ್ಟು, ಒಬ್ಬ ಪಿಶಾಚಿ ಗೆಳೆಯ, ಒಂದಿಷ್ಟು ರಕ್ತ. ಹನ್ನೊಂದನೆಯ ಶತಮಾನದ ಸೋಮದೇವನ ಕಥಾಸರಿತ್ಸಾಗರ ಶುರುವಾಗುವುದೇ ಹೀಗೆ. ಶಿವ ಪಾರ್ವತಿಯೊಬ್ಬಳಿಗೇ ಎಂದು ಹೇಳಿದ ಕಥೆಯನ್ನು ಪುಷ್ಪದಂತ ಎಂಬ ಗಣ ಕದ್ದು ಕೇಳಿ ಮನೆಗೆ ಬಂದು ಹೆಂಡತಿಗೆ ಹೇಳಿಬಿಟ್ಟ. ಅವಳು ಅದನ್ನು ಪಾರ್ವತಿಗೇ ಹೇಳಿದಳು. ಗುಟ್ಟು ಒಡೆದ ತಪ್ಪಿಗೆ ಪುಷ್ಪದಂತ ಭೂಮಿಗೆ ಬಿದ್ದ. ಅವನ ಪರವಾಗಿ ಬೇಡಿಕೊಂಡ ಗೆಳೆಯ ಮಾಲ್ಯವಂತನಿಗೂ ಅದೇ ಶಾಪ. ವಿಂಧ್ಯದ ಕಾಡಿನಲ್ಲಿ ಕಾಣಭೂತಿ ಎಂಬ ಪಿಶಾಚಿಗೆ ಕಥೆ ಹೇಳಿ ಪುಷ್ಪದಂತ ಬಿಡುಗಡೆಯಾದ. ಗುಣಾಢ್ಯನಾಗಿ ಹುಟ್ಟಿದ ಮಾಲ್ಯವಂತನಿಗೆ ಆ ಪಿಶಾಚಿ ಅದನ್ನು ದಾಟಿಸಿತು.

ಗುಣಾಢ್ಯ ಸಾತವಾಹನ ದೊರೆಯ ಆಸ್ಥಾನದಲ್ಲಿ ಪಂಥ ಸೋತು ಸಂಸ್ಕೃತ, ಪ್ರಾಕೃತ, ನಾಡಮಾತು ಮೂರನ್ನೂ ಬಿಟ್ಟವನು. ಉಳಿದದ್ದು ಪಿಶಾಚಿಗಳ ಮಾತಾದ ಪೈಶಾಚಿ. ಕಾಡಿನಲ್ಲಿ ಮಸಿ ಇಲ್ಲದೆ ತನ್ನ ರಕ್ತದಲ್ಲೇ ಏಳು ಲಕ್ಷ ಶ್ಲೋಕ ಬರೆದ. ಪಿಶಾಚಿ ಭಾಷೆ, ರಕ್ತದ ಅಕ್ಷರ ಎಂದು ದೊರೆ ಮೂಗು ಮುರಿದಾಗ ಬೆಂಕಿ ಹಾಕಿ, ಒಂದೊಂದೇ ಹಾಳೆಯನ್ನು ಮೃಗಗಳಿಗೆ ಓದಿ ಹೇಳಿ ಸುಡತೊಡಗಿದ. ಮೃಗಗಳು ಮೇವು ಬಿಟ್ಟು ಕಣ್ಣೀರು ಸುರಿಸುತ್ತ ಕೇಳಿದವು. ಅರಮನೆಯ ಅಡುಗೆಮನೆಗೆ ಒಣಕಲು ಮಾಂಸ ಬರತೊಡಗಿದ್ದರಿಂದ ದೊರೆಗೆ ಸುದ್ದಿ ಮುಟ್ಟಿತು. ಅವನು ಓಡಿ ಬರುವಷ್ಟರಲ್ಲಿ ಉಳಿದದ್ದು ಒಂದು ಲಕ್ಷ. ಆ ಮೂಲ ಬೃಹತ್ಕಥೆ ಇಂದು ಇಲ್ಲ. ಆದರೆ ಗದಗ ಸೀಮೆಯ ಸಯ್ಯಡಿಯ ದುರ್ಗಸಿಂಹ 1031ರ ಸುಮಾರಿಗೆ ಕನ್ನಡದಲ್ಲಿ ಪಂಚತಂತ್ರ ಬರೆಯುವಾಗ ತನ್ನ ಕಥೆಗಳ ಬೇರು ಗುಣಾಢ್ಯನಲ್ಲಿದೆ ಎಂದೇ ಹೇಳಿಕೊಂಡ.

ಬೇತಾಳ ಮತ್ತು ಮೌನ

ಗೆಳೆತನ, ಗುಟ್ಟು, ಪಿಶಾಚಿ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿದ್ದು ಬೇತಾಳ ಪಂಚವಿಂಶತಿ. ಕ್ಷೇಮೇಂದ್ರ, ಸೋಮದೇವ ಇಬ್ಬರ ಸಂಗ್ರಹದಲ್ಲೂ ಅದು ಇದೆ. ಗೋದಾವರಿಯ ದಂಡೆಯ ಪ್ರತಿಷ್ಠಾನದ ಅರಸ ತ್ರಿವಿಕ್ರಮಸೇನನಿಗೆ ಒಬ್ಬ ಸನ್ಯಾಸಿ ದಿನವೂ ಒಂದು ಹಣ್ಣು ತಂದುಕೊಡುತ್ತಾನೆ. ಹತ್ತು ವರ್ಷ ಕಳೆದ ಮೇಲೆ ಒಂದು ಮಂಗ ಹಣ್ಣನ್ನು ಕಚ್ಚಿದಾಗ ಒಳಗೆ ರತ್ನ ಇದ್ದದ್ದು ತಿಳಿಯುತ್ತದೆ. ಅದಕ್ಕೆ ಪ್ರತಿಯಾಗಿ ಸನ್ಯಾಸಿ ಬೇಡುವುದು ಒಂದೇ: ಸುಡುಗಾಡಿನ ಮರದಲ್ಲಿ ನೇತಾಡುವ ಹೆಣವನ್ನು ಹೊತ್ತು ತರಬೇಕು. ಹೆಣದಲ್ಲಿ ಬೇತಾಳ ಹೊಕ್ಕಿದೆ. ಅದು ದಾರಿ ಸವೆಯಲೆಂದು ಕಥೆ ಹೇಳಿ ಕೊನೆಗೆ ಪ್ರಶ್ನೆ ಕೇಳುತ್ತದೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ಅರಸನ ತಲೆ ಸಿಡಿಯುತ್ತದೆ. ಬಾಯಿ ಬಿಟ್ಟರೆ ಬೇತಾಳ ಹಾರಿ ಮರ ಸೇರುತ್ತದೆ.

ಮಕ್ಕಳು ಈ ಕಟ್ಟಳೆಯನ್ನು ತಟ್ಟನೆ ಹಿಡಿಯುತ್ತಾರೆ, ಅವರ ಎಷ್ಟೋ ಆಟಗಳ ನಿಯಮ ಇದೇ. ನನಗೆ ಹೆಚ್ಚು ಮುಖ್ಯವೆನಿಸುವುದು ಕೊನೆಯ ತಿರುವು. ತಂದೆ ಬೇರೊಬ್ಬಳ ಮಗಳನ್ನೂ, ಅವನ ಮಗ ಆ ಹುಡುಗಿಯ ತಾಯಿಯನ್ನೂ ಮದುವೆಯಾದ ಕಥೆ ಹೇಳಿ, ಅವರ ಮಕ್ಕಳು ಪರಸ್ಪರ ಏನಾಗಬೇಕು ಎಂದು ಬೇತಾಳ ಕೇಳಿದಾಗ ಅರಸನಿಗೆ ನಿಜಕ್ಕೂ ಉತ್ತರ ತಿಳಿಯುವುದಿಲ್ಲ. ಅವನು ಸುಮ್ಮನೆ ನಡೆಯುತ್ತಾನೆ. ಆಗ ಬೇತಾಳ ಮೆಚ್ಚಿ ತನ್ನ ಗುಟ್ಟನ್ನು ಬಿಚ್ಚುತ್ತದೆ: ಸನ್ಯಾಸಿ ನಿನ್ನನ್ನೇ ಬಲಿ ಕೊಡುತ್ತಾನೆ, ಅಡ್ಡಬೀಳು ಎಂದರೆ, ಅರಸನಾದ ನನಗೆ ಅಡ್ಡಬಿದ್ದು ಗೊತ್ತಿಲ್ಲ, ನೀನೇ ತೋರಿಸಿಕೊಡು ಅನ್ನು. ಹೆಗಲ ಮೇಲಿನ ಹೊರೆಯಾಗಿದ್ದ ಪಿಶಾಚಿ ಕೊನೆಗೆ ಜೀವ ಉಳಿಸುವ ಗೆಳೆಯನಾಯಿತು. ಕೇಡು ಮನುಷ್ಯನಲ್ಲಿತ್ತು, ದಿನಾ ಹಣ್ಣು ತರುತ್ತಿದ್ದವನಲ್ಲಿತ್ತು. ರಿಚರ್ಡ್ ಬರ್ಟನ್ 1870ರಲ್ಲಿ ಇದನ್ನು ಇಂಗ್ಲಿಷಿಗೆ ತಂದಾಗ ಬೇತಾಳನನ್ನು ‘ವ್ಯಾಂಪೈರ್’ ಎಂದ. ಹೆಣದಲ್ಲಿ ಹೊಕ್ಕು ಮಾತಾಡುವುದು, ಕಥೆ ಕಟ್ಟುವುದು ಬೇತಾಳನ ಕಸುಬು. ಆ ಹೆಸರಿಗೆ ರಕ್ತದಾಹದ ಬಣ್ಣ ಬಳಿದದ್ದು ಬರ್ಟನ್ನನ ಕಾಲದ ಯುರೋಪಿನ ರುಚಿ.

ಕನ್ನಡದ ಮನೆಮನೆಗೆ ಬೇತಾಳನನ್ನು ತಂದದ್ದು ಚಂದಮಾಮ. ಬಿ. ನಾಗಿರೆಡ್ಡಿ, ಚಕ್ರಪಾಣಿ 1947ರಲ್ಲಿ ಮದರಾಸಿನಲ್ಲಿ ತೆಲುಗು, ತಮಿಳಿನಲ್ಲಿ ಶುರು ಮಾಡಿದ ಈ ಮಾಸಪತ್ರಿಕೆ ಮರುವರ್ಷ ಕನ್ನಡದಲ್ಲೂ ಬಂತು. ಇಪ್ಪತ್ತೈದು ಕಥೆಗಳು ಮುಗಿದ ಮೇಲೂ ಪತ್ರಿಕೆಯವರು ಹೊಸ ಹೊಸ ಕಥೆಗಳನ್ನು ಬೇತಾಳನ ಬಾಯಲ್ಲಿ ಇಟ್ಟು ದಶಕಗಟ್ಟಲೆ ಆ ಹೆಣವನ್ನು ಇಳಿಸಗೊಡಲಿಲ್ಲ. ಕತ್ತಿ ಹಿರಿದ ಅರಸ, ಹೆಗಲ ಮೇಲೆ ಜೋತುಬಿದ್ದ ಹೆಣ, ಕಾಲಡಿ ತಲೆಬುರುಡೆ: ಕೆ.ಸಿ. ಶಿವಶಂಕರನ್, ಎಲ್ಲರ ಬಾಯಲ್ಲಿ ಶಂಕರ್, ಬರೆದ ಆ ಚಿತ್ರವನ್ನು ನೋಡದೆ ಬೆಳೆದ ಆ ಕಾಲದ ಓದುವ ಹುಡುಗರು ಕಡಿಮೆ. ಶಂಕರ್ 2020ರಲ್ಲಿ ತೀರಿಕೊಂಡರು. ಪತ್ರಿಕೆ ಅದಕ್ಕೂ ಮೊದಲೇ ನಿಂತಿತ್ತು. 1985ರ ಹೊತ್ತಿಗೆ ದೂರದರ್ಶನದಲ್ಲಿ ರಮಾನಂದ ಸಾಗರರ ವಿಕ್ರಮ–ಬೇತಾಳ ಬಂದ ಮೇಲೆ ಟಿವಿ ಇದ್ದವರ ಮನೆಯ ಪಡಸಾಲೆಯಲ್ಲಿ ಓಣಿಯ ಮಕ್ಕಳೆಲ್ಲ ಕೂತು ನೋಡಿದರು.

ಸೀಮೆ

ನಾಲ್ಕೂ ತಾಲ್ಲೂಕುಗಳ ನೆಲ ಒಂದೇ ತರಹ ಇಲ್ಲ, ದೆವ್ವಗಳ ವಾಸವೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಹಾನಗಲ್ ಮಲೆನಾಡಿನ ಸೆರಗು: ಭತ್ತದ ಗದ್ದೆ, ಕೆರೆ, ಮಾವಿನ ತೋಪು, ಅಡಿಕೆ ತೋಟ, ಧರ್ಮಾ ಮತ್ತು ವರದಾ ನದಿಗಳು. ಇಲ್ಲಿ ಕೊಳ್ಳಿದೆವ್ವದ್ದೇ ದೊಡ್ಡಸ್ತಿಕೆ. ಕೊಳೆತ ಗಿಡಗಂಟಿಯಿಂದ ಏಳುವ ಅನಿಲ ಹೊತ್ತಿ ಬೆಳಗುತ್ತದೆ ಎಂಬುದು ಓದಿದವರ ವಿವರಣೆ. ಮೊದಲ ಮಳೆಗೆ ದೀಪ ಹಿಡಿದು ಮೀನು, ಏಡಿ ಹಿಡಿಯಲು ಹೋದವರ ಬೆಳಕೂ ಎಷ್ಟೋ ದೆವ್ವಗಳನ್ನು ಹುಟ್ಟಿಸಿರಬೇಕು. ಶಿಗ್ಗಾಂವಿ, ಸವಣೂರಿನ ಬಯಲಿಗೆ ಬಂದರೆ ಜೋಳ, ಹತ್ತಿ, ಮೆಣಸಿನಕಾಯಿ. ಅಲ್ಲಿ ದೆವ್ವ ಕೂರುವುದು ಒಂಟಿ ಹುಣಸೆಮರದಲ್ಲಿ, ಕಣದ ಬಣವೆಯ ಹಿಂದೆ, ಪಾಳುಬಾವಿಯಲ್ಲಿ. ಹಿರೇಕೆರೂರಿನ ಕಡೆ ಕುಮುದ್ವತಿ ನದಿ, ಮದಗದ ಕೆರೆ.

ಕಳಸದ ಗೋವಿಂದಭಟ್ಟರ ಶಿಷ್ಯರಾದ ಶರೀಫಸಾಹೇಬರ (1819–1889) ಶಿಶುವಿನಹಾಳ ಶಿಗ್ಗಾಂವಿ ತಾಲ್ಲೂಕಿನದು. ಬೇರೆ ಮನೆ, ಬೇರೆ ಮತದವನ ಜೊತೆ ಆಪ್ತನಾಗಿ ಬಾಳಿದ ಕಥೆ ಇಲ್ಲಿನ ಮಕ್ಕಳಿಗೆ ಬೇತಾಳನಿಗಿಂತ ಮೊದಲೇ ಶರೀಫಜ್ಜನ ಹೆಸರಿನಲ್ಲಿ ಕಿವಿಗೆ ಬೀಳುತ್ತದೆ.

ಕತಿ ಹೇಳುವ ರೀತಿ

ಇಲ್ಲಿ ಕಥೆ ಎನ್ನುವುದಿಲ್ಲ, ‘ಕತಿ’ ಎನ್ನುತ್ತಾರೆ. ಹೇಳುವವಳು ಹೆಚ್ಚಾಗಿ ಅಜ್ಜಿ, ಅಂದರೆ ಆಯಿ. ಹೊತ್ತು ರಾತ್ರಿ ಊಟದ ಮೇಲೆ. ಹಗಲು ಕತಿ ಹೇಳಿದರೆ ದಾರಿ ತಪ್ಪುತ್ತೀರಿ ಎಂದು ಮಕ್ಕಳನ್ನು ತಡೆಯುವುದುಂಟು. ಕೇಳುವವರು ಸಾಲು ಸಾಲಿಗೆ ‘ಹೂಂ’ ಅನ್ನಬೇಕು. “ಹೂಂ ಅನ್ರಿ, ಇಲ್ಲಂದ್ರ ಕತಿ ಹೊಳ್ಳಿ ಹೊಕ್ಕೈತಿ” ಎಂದು ಆಯಿ ಗದರಿಸುತ್ತಾಳೆ. ಈ ಹೂಂ ಒಂದು ಒಪ್ಪಂದ. ಹೇಳುವವಳು ಕತ್ತಲಲ್ಲಿ ಮಕ್ಕಳ ಮುಖ ಕಾಣದಿದ್ದರೂ ದನಿಯಿಂದಲೇ ಯಾರಿಗೆ ಅಂಜಿಕೆಯಾಯಿತು, ಯಾರು ನಿದ್ದೆಗೆ ಜಾರಿದರು ಎಂದು ತಿಳಿಯುತ್ತಾಳೆ. ಹೂಂ ಸಣ್ಣಗಾದರೆ ದೆವ್ವದ ಹಲ್ಲೂ ಸಣ್ಣಗಾಗುತ್ತದೆ. ಹೂಂ ಜೋರಾದರೆ ಅದೇ ದೆವ್ವ ಬೇವಿನಮರದಷ್ಟು ಎತ್ತರ.

ಸಂಬಂಧದ ಮಾತು ಈ ಕಥೆಗಳಲ್ಲಿ ಆಯುಧ. ಹುಡುಗ ಮರದ ಕೆಳಗೆ ಸಿಕ್ಕಿಬಿದ್ದಾಗ ಓಡುವುದಿಲ್ಲ, “ಮಾಮಾ, ಎಷ್ಟ ದಿನಾ ಆತು ನಮ್ಮನಿ ಕಡೆ ಬರಲಾರದ!” ಎನ್ನುತ್ತಾನೆ. ಮಾಮಾ ಎನಿಸಿಕೊಂಡ ಮೇಲೆ ದೆವ್ವ ಅಳಿಯನನ್ನು ತಿನ್ನುವುದು ಹೇಗೆ? ಹುಲಿಗೂ ಇದೇ ಉಪಾಯ ನಡೆಯುತ್ತದೆ. ಹುಲಿ ಒಂದೇ ಸಲಕ್ಕೆ ಮೋಸಹೋದರೆ ದೆವ್ವ ನಂಟಸ್ತಿಕೆಯನ್ನು ನಿಜವೆಂದೇ ನಂಬಿ ಮನೆತನಕ ಬರುತ್ತದೆ. ಮುಂದಿನ ಕಥೆಯೆಲ್ಲ ಅದನ್ನು ಅವ್ವನ ಕಣ್ಣಿಗೆ ಬೀಳದಂತೆ ಅಟ್ಟದಲ್ಲಿ ಬಚ್ಚಿಡುವ ಪಾಡು.

ಬುತ್ತಿ, ಸುಣ್ಣ, ಗುಂಗುರು ಕೂದಲು

ರಾತ್ರಿ ಹೊಲ ಕಾಯುವವನಿಗೆ ಬುತ್ತಿ ಒಯ್ಯುವಾಗ, ಅದರಲ್ಲೂ ಮಾಂಸದಡುಗೆ ಇದ್ದರೆ, ರೊಟ್ಟಿಯ ಮೇಲೆ ಒಂದು ಚೂರು ಇದ್ದಿಲು, ಒಂದು ಒಣ ಮೆಣಸಿನಕಾಯಿ ಇಟ್ಟು ಗಂಟು ಕಟ್ಟುವ ಪದ್ಧತಿ ಇದೆ. ಕೆಲವರು ಕಬ್ಬಿಣದ ಚೂರು ಇಡುತ್ತಾರೆ. ವಾಸನೆ ಹಿಡಿದು ಬೆನ್ನು ಹತ್ತುವ ದೆವ್ವ ಇದ್ದಿಲು ಕಂಡು ಹಿಂದೆ ಸರಿಯುತ್ತದೆ ಎಂಬ ನಂಬಿಕೆ. ಬುತ್ತಿಯ ಕಥೆಗಳು ಹುಟ್ಟುವುದು ಈ ಗಂಟಿನಿಂದಲೇ. ಇದ್ದಿಲು ಇಡಲು ಮರೆತ ಹುಡುಗನ ಬೆನ್ನಿಗೆ “ನನಗೊಂದ ತುತ್ತು” ಎಂಬ ದನಿ ಬರುತ್ತದೆ. ಹಿಂದಿರುಗಿ ನೋಡಬಾರದು. ಹುಡುಗ ನೋಡದೆಯೇ ರೊಟ್ಟಿ ಮುರಿದು ಭುಜದ ಮೇಲಿಂದ ಹಿಂದಕ್ಕೆ ಕೊಡುತ್ತಾನೆ. ಮರುದಿನ ಅವ್ವ ಒಂದು ರೊಟ್ಟಿ ಹೆಚ್ಚು ಕಟ್ಟಿಸಿಕೊಂಡು ಹೋಗುವ ಮಗನನ್ನು ಕಂಡು “ಯಾರಿಗೋ?” ಎಂದರೆ “ಹಸಿವಿ ಆಗ್ತೈತಿ” ಎನ್ನುತ್ತಾನೆ. ಗುಟ್ಟು ಶುರುವಾಯಿತು. ಹೊಲದ ಕಾವಲು ಇನ್ನು ದೆವ್ವದ ಪಾಲಿಗೆ. ಹಂದಿ ಬಂದರೆ ಅದೇ ಓಡಿಸುತ್ತದೆ.

ಹೀಗೆ ಕಾಣದವರಿಗೂ ಪಾಲು ಕೊಡುವ ರೂಢಿ ಕಥೆಯ ಹೊರಗೂ ಇದೆ. ಶೀಗಿ ಹುಣ್ಣಿಮೆ, ಎಳ್ಳ ಅಮಾವಾಸ್ಯೆಗೆ ರೈತರು ಹೊಲದ ಸುತ್ತ ಅಡುಗೆಯನ್ನು ಚರಗವಾಗಿ ಚೆಲ್ಲುತ್ತಾರೆ, ಪಿತೃಪಕ್ಷದಲ್ಲಿ ಸತ್ತ ಹಿರಿಯರಿಗೆ ಎಡೆ ಇಡುತ್ತಾರೆ. ಸತ್ತವರು ಊಟಕ್ಕೆ ಬರುತ್ತಾರೆ ಎಂಬುದು ಇಲ್ಲಿನ ಮಗುವಿಗೆ ವರ್ಷಕ್ಕೊಮ್ಮೆಯಾದರೂ ಕಣ್ಣಾರೆ ಕಾಣುವ ಹಬ್ಬ. ಆದ್ದರಿಂದ ಹಸಿದ ದೆವ್ವ ಅದಕ್ಕೆ ತೀರ ಅಪರಿಚಿತನಾಗಿ ಕಾಣುವುದಿಲ್ಲ.

ಎಲೆಅಡಿಕೆಯ ಕಥೆಗಳಿಗೆ ಸವಣೂರು ತಕ್ಕ ನೆಲೆ, ಇಲ್ಲಿನ ವೀಳ್ಯದೆಲೆ ಹೆಸರಾದದ್ದು. ದಾರಿಯಲ್ಲಿ ಮೋಹಿನಿ ಸುಣ್ಣ ಕೇಳುತ್ತಾಳೆ. ಬೆರಳಲ್ಲಿ ಕೊಟ್ಟರೆ ಕೈ ಹಿಡಿದುಬಿಡುತ್ತಾಳೆ. ಅಡಕತ್ತರಿಯ ತುದಿಯಲ್ಲೋ ಚಾಕುವಿನ ಮೊನೆಯಲ್ಲೋ ಕೊಡಬೇಕು. ಕಬ್ಬಿಣದ ಅಂಜಿಕೆ ದಕ್ಷಿಣ ಭಾರತದ ಬೇರೆ ಕಡೆಯೂ ಇದೆ, ಕೇರಳದ ಯಕ್ಷಿಯೂ ಸುಣ್ಣ ಕೇಳಿಯೇ ಬಲೆ ಬೀಸುತ್ತಾಳೆ.

ಕೆಲಸ ಕೇಳುವ ದೆವ್ವದ ಕಥೆ ಮಕ್ಕಳಿಗೆ ಎಲ್ಲಕ್ಕಿಂತ ಪ್ರಿಯ. ಬಡ ರೈತನಿಗೆ ಒಲಿದ ದೆವ್ವದ್ದು ಒಂದೇ ಶರತ್ತು: “ಕೆಲಸ ಕೊಡು, ಇಲ್ಲಂದ್ರ ನಿನ್ನ ತಿಂತೇನಿ.” ಬಾವಿ ತೋಡು ಎಂದರೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬಾವಿ. ಮನೆ ಕಟ್ಟು ಎಂದರೆ ಮನೆ. ಎರೆಹೊಲವೆಲ್ಲ ಹರಗಿಯಾಯಿತು, ಜೋಳ ರಾಶಿಯಾಯಿತು, ಹಗೇವು ತುಂಬಿತು, ಇನ್ನು ಕೆಲಸವಿಲ್ಲ. ರೈತ ಬೆವರುತ್ತ ಒಳಗೆ ಬರುತ್ತಾನೆ. ಹೆಂಡತಿ ತಲೆಯಿಂದ ಒಂದು ಗುಂಗುರು ಕೂದಲು ಕಿತ್ತು ದೆವ್ವದ ಕೈಗೆ ಇಡುತ್ತಾಳೆ: “ಇದನ್ನ ನೆಟ್ಟಗ ಮಾಡಿಕೊಂಡು ಬಾ.” ದೆವ್ವ ಎಳೆಯುತ್ತದೆ, ಬಿಡುತ್ತದೆ, ಕೂದಲು ಮತ್ತೆ ಸುತ್ತಿಕೊಳ್ಳುತ್ತದೆ. ಬೆಂಕಿಗೆ ಹಿಡಿದರೆ ಸುಟ್ಟೀತೆಂಬ ಅಂಜಿಕೆ. ಕೆಲವು ಕಡೆ ಕೂದಲಿನ ಬದಲು ನಾಯಿಯ ಬಾಲ. ಜಗತ್ತಿನ ಜಾನಪದ ವಿದ್ವಾಂಸರು ಇದಕ್ಕೆ ಕಥಾಮಾದರಿಯ ಸಂಖ್ಯೆ ಕೊಟ್ಟಿದ್ದಾರೆ, ಯುರೋಪಿನಲ್ಲಿ ಸೈತಾನನಿಗೆ ಇದೇ ಕೂದಲು ಸಿಗುತ್ತದೆ. ಆದರೆ ಇಲ್ಲಿನ ಮಕ್ಕಳು ಕೊನೆಗೆ ಕೇಳುವ ಪ್ರಶ್ನೆ ಬೇರೆ: “ಆಮ್ಯಾಲೆ ದೆವ್ವಕ್ಕ ಊಟಾ ಯಾರು ಕೊಟ್ರು?”

ದೆವ್ವಕ್ಕೆ ಕನ್ನಡಿ ತೋರಿಸಿ, ನಿನ್ನಂಥವನನ್ನು ಆಗಲೇ ಹಿಡಿದು ಚೀಲದಲ್ಲಿ ಹಾಕಿದ್ದೇನೆ ಎಂದು ಹೆದರಿಸಿದ ಕ್ಷೌರಿಕನ ಕಥೆ ಭಾರತದ ಉದ್ದಗಲಕ್ಕೂ ಓಡಾಡಿದೆ. ಲಾಲ್ ಬಿಹಾರಿ ಡೇ 1883ರ ತಮ್ಮ ಬಂಗಾಳದ ಜನಪದ ಕಥೆಗಳಲ್ಲಿ ಅದನ್ನು ಅಚ್ಚು ಹಾಕಿಸಿದ್ದರು.

ಸವಣೂರಿನ ದೊಡ್ಡ ಹುಣಸೆ

ಹುಣಸೆಮರ ದೆವ್ವದ ಮನೆ ಎಂಬುದು ಕನ್ನಡನಾಡಿನ ಹಳೆಯ ನಂಬಿಕೆ. ಮಟಮಟ ಮಧ್ಯಾಹ್ನ ಮತ್ತು ಹೊತ್ತು ಮುಳುಗಿದ ಮೇಲೆ ಅದರ ಕೆಳಗೆ ಮಲಗಬೇಡಿ ಎನ್ನುತ್ತಾರೆ.

ಸವಣೂರಿನಲ್ಲಿ ಅದಕ್ಕಿಂತ ದೊಡ್ಡ ಹುಣಸೆ ಇದೆ. ದೊಡ್ಡಹುಣಸೆ ಕಲ್ಮಠದ ಆವರಣದ ಮೂರು ಮರಗಳು ನಿಜಕ್ಕೂ ಹುಣಸೆಯ ಜಾತಿಯವಲ್ಲ. ಆಫ್ರಿಕಾ ಮೂಲದ ಬಾವೋಬಾಬ್ ಅವು. ಕಾಯಿಯ ತಿರುಳು ಹುಳಿ, ಅದರಿಂದ ಈ ಹೆಸರು. ಕೃಷ್ಣ ತಂದು ನೆಟ್ಟ ಮರಗಳೆಂಬ ಐತಿಹ್ಯ ಊರಿನಲ್ಲಿದೆ. ಬುಡವನ್ನು ಅಪ್ಪಿಕೊಳ್ಳಲು ಒಬ್ಬರ ತೋಳು ಯಾತಕ್ಕೂ ಸಾಲದು. ಒಂದು ತರಗತಿಯ ಮಕ್ಕಳು ಕೈಕೈ ಹಿಡಿದು ನಿಂತರೆ ಸುತ್ತು ಮುಗಿದೀತು. ತೊಗಟೆ ಆನೆಯ ಚರ್ಮದಂತೆ ಬೂದು, ಮಡಿಕೆ ಮಡಿಕೆ. 2023ರ ಜುಲೈ ಮಳೆಗೆ ಒಂದು ಮರ ಬೇರುಸಹಿತ ಉರುಳಿತು, ಅದನ್ನು ಎತ್ತಿ ಮತ್ತೆ ನಿಲ್ಲಿಸಲಾಯಿತು.

ಈ ಮರದ ಹೂವು ಅರಳುವುದು ಸಂಜೆಯ ಮೇಲೆ. ಉದ್ದ ತೊಟ್ಟಿನಲ್ಲಿ ತಲೆಕೆಳಗಾಗಿ ಜೋಲುವ, ಅಂಗೈಯಗಲದ ಬಿಳಿ ಹೂವು. ಮರುದಿನಕ್ಕೆ ಕಂದಿ ಉದುರುತ್ತದೆ. ಅದರ ಪರಾಗವನ್ನು ಹೂವಿಂದ ಹೂವಿಗೆ ಸಾಗಿಸುವವು ಬಾವಲಿಗಳು. ಡ್ರಾಕುಲಾನ ದೆಸೆಯಿಂದ ಕೆಟ್ಟ ಹೆಸರು ಹೊತ್ತ ಪ್ರಾಣಿ ಇದು. ರಕ್ತ ನೆಕ್ಕುವ ಬಾವಲಿಗಳು ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ, ಅವೂ ಮೂರೇ ಜಾತಿ. ನಮ್ಮ ಆಲ, ಅರಳಿಗಳಲ್ಲಿ ಜೋತುಬೀಳುವ ದೊಡ್ಡ ಬಾವಲಿಗಳು ಹಣ್ಣು ತಿನ್ನುವವು, ಮಕರಂದ ಕುಡಿಯುವವು, ಬೀಜ ಬಿತ್ತುವವು. ಮಗುವಿಗೆ ಇದನ್ನು ಒಮ್ಮೆ ಹೇಳಿ ತೋರಿಸಿದರೆ ಅದು ಮುಂದೆ ಬಾವಲಿಗೆ ಕಲ್ಲು ಎಸೆಯಲಾರದು.

ಜೋಕುಮಾರ

ಭಾದ್ರಪದದಲ್ಲಿ ಗಣಪತಿ ಹೋದ ಬೆನ್ನಿಗೆ ಬರುವ ಜೋಕುಮಾರ ಏಳು ದಿನದ ಬಾಳಿನವನು. ಅಂಬಿಗರ, ಬಾರಿಕೇರ ಮನೆತನದ ಹೆಂಗಸರು ಮಣ್ಣಿನ ಮೂರ್ತಿಯನ್ನು ಬೇವಿನ ಸೊಪ್ಪಿನ ನಡುವೆ ಬುಟ್ಟಿಯಲ್ಲಿ ಕೂರಿಸಿ, ಬಾಯಿಗೆ ಬೆಣ್ಣೆ ಸವರಿ, ಹಾಡುತ್ತ ಮನೆಮನೆಗೆ ಹೊರುತ್ತಾರೆ. ಮೊರದಲ್ಲಿ ಜೋಳ ಹಾಕಿಸಿಕೊಂಡು ಬೇವಿನೆಲೆ, ನುಚ್ಚು ಕೊಡುತ್ತಾರೆ; ಅದನ್ನು ಹೊಲಕ್ಕೆ ಚೆಲ್ಲಿದರೆ ಬೆಳೆ ಹುಲುಸು. ಹುಣ್ಣಿಮೆಯ ರಾತ್ರಿ ಅವನ ಸಾವು. ಅಗಸರು ಬಟ್ಟೆ ಒಗೆಯುವ ಕಲ್ಲಿನ ಬಳಿ ಅವನನ್ನು ಬಿಟ್ಟು ಬಂದ ಮೇಲೆ ಮೂರು ದಿನ ಆ ಕಡೆ ಯಾರೂ ಸುಳಿಯುವುದಿಲ್ಲ. ಸತ್ತವನು ಅಲ್ಲಿ ನರಳುತ್ತಾನಂತೆ. ತುಂಟತನಕ್ಕೆ ಸತ್ತು, ಮಳೆ ತಂದು, ಮರುವರ್ಷ ಮತ್ತೆ ಹುಟ್ಟುವ ಈ ಹುಡುಗ ಮಕ್ಕಳಿಗೆ ಹೆದರಿಕೆಯೂ ಹೌದು, ಗೆಳೆಯನೂ ಹೌದು. ಸಾಯದ ಪಿಶಾಚಿ ಎಂದು ಯುರೋಪು ಬರೆದಿಟ್ಟದ್ದಕ್ಕೆ ಈ ನೆಲದಲ್ಲಿ ಅತಿ ಹತ್ತಿರದ ಜೊತೆ ಯಾರು ಎಂದು ಕೇಳಿದರೆ ನಾನು ಜೋಕುಮಾರನ ಕಡೆ ಬೊಟ್ಟು ಮಾಡುತ್ತೇನೆ.

ಹೇಳದ ಕಥೆಯ ಸೇಡು

ಗುಟ್ಟಿನ ಕಥೆಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಕತ್ತೆಕಿವಿಯ ರಾಜನದು. ಹೊಟ್ಟೆಯಲ್ಲಿ ಗುಟ್ಟು ಇಟ್ಟುಕೊಳ್ಳಲಾರದ ಕ್ಷೌರಿಕ ಮರಕ್ಕೆ ಹೇಳುತ್ತಾನೆ, ಆ ಮರದಿಂದ ಮಾಡಿದ ವಾದ್ಯ ಊರಿಗೆಲ್ಲ ಸಾರುತ್ತದೆ.

ಅದಕ್ಕಿಂತ ಆಳವಾದದ್ದು ಎ.ಕೆ. ರಾಮಾನುಜನ್ ತಮ್ಮ 1991ರ ಭಾರತದ ಜನಪದ ಕಥೆಗಳ ಸಂಕಲನದಲ್ಲಿ ಸೇರಿಸಿದ ಕನ್ನಡದ ಕಥೆ. ಬೆಳಗಾವಿಯಲ್ಲಿ ಪಾಠ ಹೇಳುತ್ತಿದ್ದ ದಿನಗಳಲ್ಲೇ ಅವರು ಈ ಭಾಗದ ಕಥೆಗಳನ್ನು ಬರೆದುಕೊಳ್ಳತೊಡಗಿದ್ದರು. ಒಬ್ಬ ಗೃಹಿಣಿಗೆ ಒಂದು ಕಥೆ, ಒಂದು ಹಾಡು ಗೊತ್ತಿದ್ದವು. ಯಾರಿಗೂ ಹೇಳಲಿಲ್ಲ. ಒಳಗೇ ಉಸಿರುಗಟ್ಟಿದ ಅವು ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಬಿದ್ದು, ಕಥೆ ಜೋಡು ಚಪ್ಪಲಿಯಾಗಿ ಬಾಗಿಲಲ್ಲಿ ಕೂತಿತು, ಹಾಡು ಗಂಡಸಿನ ಅಂಗಿಯಾಗಿ ಗೂಟಕ್ಕೆ ಜೋತಿತು. ಗಂಡ ಬಂದು ಯಾರ ಅಂಗಿ ಎಂದ. ಅವಳಿಗೇನು ಗೊತ್ತು? ಸಿಟ್ಟಾಗಿ ಹನುಮಪ್ಪನ ಗುಡಿಗೆ ಮಲಗಲು ಹೋದ. ಊರಿನ ದೀಪಗಳು ಆರಿದ ಮೇಲೆ ಜ್ವಾಲೆಗಳೆಲ್ಲ ಗುಡಿಯಲ್ಲಿ ಸೇರಿ ಹರಟುತ್ತವೆ. ಅವನ ಮನೆಯ ದೀಪ ತಡವಾಗಿ ಬಂದು ಕಾರಣ ಹೇಳಿತು. ಬೆಳಗಾದ ಮೇಲೆ ಗಂಡ ಆ ಕಥೆ, ಹಾಡು ಏನೆಂದು ಕೇಳಿದಾಗ ಅವಳಿಗೆ ಎರಡೂ ಮರೆತುಹೋಗಿದ್ದವು. ಗಿರೀಶ ಕಾರ್ನಾಡರ ನಾಗಮಂಡಲದ (1988) ಮೊದಲ ದೃಶ್ಯದಲ್ಲಿ ಜ್ವಾಲೆಗಳು ಬಂದು ಮಾತಾಡುವುದು ಇದೇ ಬೇರಿನಿಂದ.

ವಿದ್ಯೆ ಹೇಳದೆ ಸತ್ತು ಬ್ರಹ್ಮರಾಕ್ಷಸನಾದವನನ್ನು ಈ ಗೃಹಿಣಿಯ ಪಕ್ಕದಲ್ಲಿ ನಿಲ್ಲಿಸಿ ನೋಡಬೇಕು. ಗೆಳೆಯನ ಗುಟ್ಟನ್ನು ಕಾಯಬೇಕು, ಆದರೆ ಕಥೆಯನ್ನು ಬಚ್ಚಿಡಬಾರದು. ಒಂದನ್ನು ಕಾಯದವನು ಪುಷ್ಪದಂತನಂತೆ ಬೀಳುತ್ತಾನೆ, ಇನ್ನೊಂದನ್ನು ಬಚ್ಚಿಟ್ಟವನು ದೆವ್ವವಾಗುತ್ತಾನೆ. ಯಾವುದು ಯಾವುದೆಂದು ಬೇರೆ ಮಾಡುವ ಜಾಣತನವನ್ನೇ ಈ ಕಥೆಗಳು ಮಕ್ಕಳಿಗೆ ಆಟದಲ್ಲಿ ಕಲಿಸುತ್ತವೆ.

ಅಚ್ಚಿನಲ್ಲಿ

ಜರ್ಮನಿಯ ಏಂಜೆಲಾ ಸೊಮ್ಮರ್-ಬೋಡೆನ್‌ಬರ್ಗ್ 1979ರಲ್ಲಿ ‘ಪುಟ್ಟ ರಕ್ತಪಿಶಾಚಿ’ಯ ಕಥೆ ಬರೆದಾಗ ಆಂಟೋನ್ ಎಂಬ ಹುಡುಗನ ಕಿಟಕಿಗೆ ರ‍್ಯೂಡಿಗರ್ ಎಂಬ ಪಿಶಾಚಿ ಹುಡುಗ ಬಂದು ಕೂತ. ಇಬ್ಬರ ಗೆಳೆತನವನ್ನು ಅಪ್ಪ ಅಮ್ಮನಿಂದ ಮುಚ್ಚಿಡುವುದೇ ಆ ಸರಣಿಯ ಉದ್ದಕ್ಕೂ ನಗೆಯ ಬುಗ್ಗೆ. ಅಟ್ಟದ ದೆವ್ವವನ್ನು ಅವ್ವನಿಂದ ಬಚ್ಚಿಡುವ ನಮ್ಮ ಹುಡುಗನಿಗೆ ಅವನು ಸೋದರನಂತೆ.

ಕನ್ನಡ ಮಕ್ಕಳ ಸಾಹಿತ್ಯ ಪಂಜೆ ಮಂಗೇಶರಾಯರ ಕಾಲದಿಂದ ಹುಲಿ, ನರಿ, ಇಲಿಗಳಿಗೆ ಧಾರಾಳವಾಗಿ ಮಾತು ಕೊಟ್ಟಿತು. ದೆವ್ವಕ್ಕೆ ಮಾತ್ರ ಬಿಗಿ ಹಿಡಿಯಿತು. ಮೂಢನಂಬಿಕೆ ಬೆಳೆದೀತೆಂಬ ಸಜ್ಜನರ ಕಳವಳ ಅದಕ್ಕೆ ಕಾರಣ. ಹಾಗಾಗಿ ಅಚ್ಚಾದ ಎಷ್ಟೋ ಕಥೆಗಳಲ್ಲಿ ದೆವ್ವ ಕೊನೆಗೆ ಬಿಳಿ ಪಂಚೆಯೋ ಕಳ್ಳನೋ ಆಗಿಬಿಡುತ್ತದೆ. ಆ ಕೊನೆ ನನಗೆ ಬಡಕಲೆನಿಸುತ್ತದೆ. ಆಯಿಯ ಕತಿ ಕೇಳಿದ ಮಗು ದೆವ್ವ ಇಲ್ಲವೆಂದು ಒಳಗೊಳಗೇ ಬಲ್ಲದು. ಇದ್ದಿದ್ದರೆ ಚೆನ್ನಾಗಿತ್ತು ಎಂಬ ಆಸೆಯೂ ಅದಕ್ಕಿದೆ. ಈಚಿನವರು ಈ ಆಸೆಗೆ ಹೆಚ್ಚು ಜಾಗ ಕೊಡುತ್ತಿದ್ದಾರೆ. ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ 2021ರಲ್ಲಿ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’ಕ್ಕೆ, 2022ರಲ್ಲಿ ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ಗೆ, 2024ರಲ್ಲಿ ಕೃಷ್ಣಮೂರ್ತಿ ಬಿಳಿಗೆರೆಯವರ ‘ಛೂಮಂತ್ರಯ್ಯನ ಕಥೆಗಳು’ ಸಂಕಲನಕ್ಕೆ ಬಂತು. ಹೆಸರುಗಳಲ್ಲೇ ಗುಹೆ, ಮಂತ್ರ, ಮನೆಬಿಟ್ಟ ಹುಡುಗ ಬಂದು ಕೂತಿದ್ದಾರೆ.

ಕಳವಳಪಟ್ಟವರ ಮಾತಿನಲ್ಲೂ ತಿರುಳಿದೆ. ದೆವ್ವ ಬಿಡಿಸುವ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು, ಕಾಯಿಲೆಯವರನ್ನು ಹೊಡೆದು ಹಿಂಸಿಸಿದ್ದು ನಮ್ಮ ನಡುವೆಯೇ ನಡೆದದ್ದು. ಅದನ್ನು ಅಪರಾಧವೆಂದು ಹೇಳುವ ಕಾನೂನು ಕರ್ನಾಟಕದಲ್ಲಿ 2017ರಲ್ಲಿ ಅಂಗೀಕಾರವಾಗಿ 2020ರ ಜನವರಿಯಿಂದ ಜಾರಿಯಲ್ಲಿದೆ. ಆದರೆ ಆ ಕ್ರೌರ್ಯಕ್ಕೂ ಆಯಿಯ ಕತಿಗೂ ನಂಟಿಲ್ಲ. ಮಂತ್ರವಾದಿ ದೆವ್ವಕ್ಕೆ ಬೆತ್ತ ಬೀಸುತ್ತಾನೆ, ಆಯಿ ಅದಕ್ಕೆ ಜೋಳದ ರೊಟ್ಟಿ ಕೊಡುತ್ತಾಳೆ.

ಈ ಕತಿಗಳ ಸೀಮೆಯೊಳಗೇ, ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ, 2011ರಲ್ಲಿ ಶುರುವಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇದೆ. ಅದೇ ಊರಿನಲ್ಲಿ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ರಾಕ್ ಗಾರ್ಡನ್ ಇದೆ. ಸಿಮೆಂಟಿನ ರೈತ, ಸಿಮೆಂಟಿನ ಎತ್ತು, ಹಗ್ಗ ಹೊಸೆಯುವವ, ರೊಟ್ಟಿ ಬಡಿಯುವವಳು ಜೀವಂತವಾಗಿ ಕಾಣುವಂತೆ ನಿಂತಿದ್ದಾರೆ. ಶಾಲೆಯ ಪ್ರವಾಸಕ್ಕೆ ಬಂದ ಮಕ್ಕಳು ಅವರ ಮುಂದೆ ಕಣ್ಣು ಮಿಟುಕಿಸದೆ ನಿಂತು, ಯಾರು ಮೊದಲು ಅಲುಗಾಡುತ್ತಾರೆ ಎಂದು ಕಾಯುತ್ತಾರೆ.